ಮಿಸ್ತ್ರಿ ಹಲ್ಲಿನಿಂದ ಕೇಳಿದ ಮಾತು

ನಾನೊಂದು ಮೋಟಾರ್‌ಸೈಕಲ್. ಅದರಲ್ಲೂ ದೂರದ ದಾರಿಗೆಂದೇ ಮಾಡಿದ ಜಾತಿ. ದೊಡ್ಡ ಹೊಟ್ಟೆಯ ಟ್ಯಾಂಕು, ಇಬ್ಬರು ಆರಾಮವಾಗಿ ಕೂರುವ ಸೀಟು, ಹಿಂದೆ ಎರಡೂ ಪಕ್ಕಕ್ಕೆ ಸಾಮಾನಿನ ಪೆಟ್ಟಿಗೆ. ಕಾರ್ಖಾನೆಯಲ್ಲಿ ನನ್ನ ಎಂಜಿನ್ ಮೊದಲ ಸಲ ಗುಡುಗಿದಾಗ, ಪರೀಕ್ಷೆ ಮಾಡುವವನು ಕಾಗದದ ಮೇಲೊಂದು ಗೀಟೆಳೆದು "ಸರಿ ಇದೆ" ಎಂದು ಮುಂದಕ್ಕೆ ಹೋದ. ಅಷ್ಟು ಚೆಂದದ ದನಿಗೆ ಅಷ್ಟೇ ಹೊಗಳಿಕೆಯೇ ಎಂದು ನನಗೆ ಇಂದಿಗೂ ಬೇಸರವಿದೆ. ಹೊಗಳಿಕೆ ಎಂದರೆ ಸ್ವಲ್ಪ ಬಾಯಿಬಿಡುವ ಸ್ವಭಾವ ನನ್ನದು, ಮುಚ್ಚುಮರೆಯೇಕೆ?

ನನ್ನನ್ನು ಕೊಂಡವರು ಧಾರವಾಡದ ವಾದಿರಾಜ ದೇಸಾಯಿ, ಕಾಲೇಜಿನಲ್ಲಿ ಗಣಿತ ಕಲಿಸುವವರು. ಬೇಸಿಗೆ ರಜೆ ಬಂತೆಂದರೆ ಅವರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕನ್ಯಾಕುಮಾರಿಯ ಗಾಳಿ ಕುಡಿದಿದ್ದೇನೆ, ಕಛ್‌ನ ಉಪ್ಪಿನ ಬಯಲಿನಲ್ಲಿ ಓಡಿದ್ದೇನೆ. ಏಳು ವರ್ಷ ರಾಜನ ಹಾಗೆ ಮೆರೆದೆ. ಆಮೇಲೆ ಅವರ ಬೆನ್ನು ಕೈಕೊಟ್ಟಿತು. ಇನ್ನು ಬೈಕು ಹತ್ತಿದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ನಾನು ಮಾಳಿಗೆಯ ಮೆಟ್ಟಿಲ ಕೆಳಗೆ ಹೋಗಿ ನಿಂತೆ.

ದೇಸಾಯಿಯವರು ನನ್ನನ್ನು ಮರೆಯಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತು! ವರ್ಷವಿಡೀ ದೂಳು ತಿನ್ನಿಸಿ, ಖಂಡೇನವಮಿಯ ಆಯುಧಪೂಜೆಯ ದಿನ ಮಾತ್ರ ಪೈಪು ಹಿಡಿದು ಮೂಲೆಮೂಲೆಗೂ ನೀರು ಬಿಡುತ್ತಿದ್ದರು. ಒರೆಸುವುದಿಲ್ಲ. ಹಸಿ ಮೈಯ ಮೇಲೇ ಗಂಧ, ಕುಂಕುಮ, ಚೆಂಡುಹೂವಿನ ಮಾಲೆ. ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದು, "ಬರೇ ಮೈಗಷ್ಟ ಪೂಜಿ ಮಾಡಿದ್ರ ಹ್ಯಾಂಗ? ಹೊಟ್ಟಿಗೂ ತೀರ್ಥ ಹೋಗ್ಲಿ" ಎಂದು ಒಂದು ಉದ್ಧರಣೆ ತೀರ್ಥ ಬಿಟ್ಟು, ನಾಲ್ಕು ಅಕ್ಷತೆ ಕಾಳು ಹಾಕಿ, ಕೈಮುಗಿಯುತ್ತಿದ್ದರು. ಹನ್ನೊಂದು ವರ್ಷ ಇದೇ ನಡೆಯಿತು. ಮಳೆಯಲ್ಲಿ ನಿಂತ ಗಾಡಿಗಳು ಕೂಡ ನನ್ನಷ್ಟು ತುಕ್ಕು ಹಿಡಿದಿರಲಿಕ್ಕಿಲ್ಲ. ಉಳಿದವರು ಅಲಕ್ಷ್ಯದಿಂದ ಕೆಡುತ್ತಾರೆ, ನಾನು ಭಕ್ತಿಯಿಂದಲೂ ಕೆಟ್ಟೆ.

ಇನ್ನೇನು ಗುಜರಿಗೆ ಹಾಕುತ್ತಾರೆ ಎನ್ನುವಾಗ ಹುಬ್ಬಳ್ಳಿಯಿಂದ ಮಾನಪ್ಪ ಮಿಸ್ತ್ರಿ ಬಂದು ನನ್ನನ್ನು ಕೊಂಡುಕೊಂಡ. ದೇಸಾಯಿಯವರನ್ನು ಬಹುವಚನದಲ್ಲಿ ಕರೆದೆ, ಇವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ದೇವರನ್ನೂ ನಾವು ಹೀಗೇ ಅಲ್ಲವೇ ಕರೆಯುವುದು?

ಮಾನಪ್ಪನ ಕಷ್ಟವನ್ನು ಇಲ್ಲಿ ಹೇಳಲೇಬೇಕು. ಮೂವತ್ತೈದು ವರ್ಷ ಅವನು ಎಂಜಿನ್‌ಗಳನ್ನು ಕಿವಿಯಿಂದಲೇ ಸರಿಮಾಡಿದವನು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ರೋಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಅದೇ ಕಿವಿ ಈಗ ಹೋಗಿತ್ತು. ಕಿವಿಗೆ ಮಷೀನು ಹಾಕಿಕೊಂಡರೆ ಬರೀ ಗದ್ದಲ. ಹಿಂದಿನ ವರ್ಷ ಒಂದು ಬೈಕಿಗೆ ಏನೂ ಆಗಿಲ್ಲ ಎಂದು ಕಳಿಸಿಕೊಟ್ಟಿದ್ದ. ಒಳಗಿನ ಬಡಿತ ಅವನಿಗೆ ಕೇಳಿಸಿರಲಿಲ್ಲ. ಕಿತ್ತೂರಿನ ದಾರಿಯಲ್ಲಿ ಅದರ ಎಂಜಿನ್ ಓಡುತ್ತಿದ್ದಂತೆಯೇ ಬಿಗಿದು ನಿಂತು, ಸವಾರ ಬಿದ್ದು ತೋಳು ಮುರಿದುಕೊಂಡ. ಗಿರಾಕಿಗಳು ಬರುವುದನ್ನು ಬಿಟ್ಟರು. ಅದಕ್ಕಿಂತ ಹೆಚ್ಚಾಗಿ, ಮಾನಪ್ಪನಿಗೆ ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಯಿತು.

ನನ್ನನ್ನು ಗ್ಯಾರೇಜಿನಲ್ಲಿ ಇಳಿಸಿದ ದಿನ ಅವನು ಹೆಂಡತಿ ಕಾಳವ್ವನಿಗೆ ಹೇಳಿದ: "ಇದೊಂದು ಗಾಡಿ ನೋಡತೀನಿ. ಇದು ಸರಿ ಆದ್ರ ಗ್ಯಾರೇಜ್ ನಡಸ್ತೀನಿ. ಆಗಲಿಲ್ಲಂದ್ರ ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಕೆಳಗಿಟ್ಟು ಮನಿಗೆ ಬರತೀನಿ. ಮತ್ತ ಮುಟ್ಟಂಗಿಲ್ಲ."

ಕಾಳವ್ವ ತಲೆಯಾಡಿಸಿದಳು. ಸೆರಗು ಸೊಂಟಕ್ಕೆ ಸಿಗಿಸಿ, ಸೀಮೆಎಣ್ಣೆಯ ಡಬ್ಬಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.

ಆ ಇಬ್ಬರೂ ನನ್ನನ್ನು ತೊಳೆದ ಚೆಂದವನ್ನು ಏನೆಂದು ಹೇಳಲಿ! ಹೆಡ್‌ಲೈಟಿನ ಮೇಲೆ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿತ್ತು. ಗೀರು ಬೀಳಬಾರದೆಂದು ಮಾನಪ್ಪ ಬಿದಿರಿನ ಸೀಳಿನಿಂದ ಅದನ್ನು ಎಬ್ಬಿಸಿದ. ಕಾಳವ್ವ ಹುಣಸೆಹಣ್ಣು ಕಿವುಚಿ ಒಂದೊಂದೇ ಸ್ಪೋಕಿಗೆ ಹಚ್ಚಿ ತಿಕ್ಕಿದಳು. ಪಾತ್ರೆ ಬೆಳಗಿದ ಕೈ ಅದು, ತುಕ್ಕು ಅದಕ್ಕೆ ಯಾವ ಲೆಕ್ಕ? ಆಮೇಲೆ ನನ್ನ ಟ್ಯಾಂಕಿಗೆ ಸೀಮೆಎಣ್ಣೆ ಮತ್ತು ಒಂದು ಹಿಡಿ ಹಳೇ ನಟ್ಟುಗಳನ್ನು ಹಾಕಿ, ಇಬ್ಬರೂ ಆ ಕಡೆ ಈ ಕಡೆ ಹಿಡಿದು ಕುಲುಕಿದರು. ಬಗ್ಗಿಸಿದಾಗ ಕೆಂಪು ನೀರಿನ ಜೊತೆ ಅಕ್ಕಿಕಾಳು ಬಿದ್ದವು.

"ಏ ಇವನ! ಈ ಗಾಡೀಗೆ ಯಾರೋ ಉಣ್ಣಾಕ ಹಾಕ್ಯಾರ" ಎಂದ ಮಾನಪ್ಪ.

ನನ್ನನ್ನು ನೋಡಿಹೋಗಲು ದೇಸಾಯಿಯವರು ಒಂದು ಭಾನುವಾರ ಬಂದಾಗ ಆ ಕಾಳುಗಳನ್ನು ಅವರ ಅಂಗೈಗೆ ಹಾಕಿದ. ಅವರ ಮುಖ ಕೆಂಪಾಯಿತು. "ಅಕ್ಷತಿ ಅದು. ನಾನೇ ಹಾಕೀನಿ" ಎಂದರು. ಮಾನಪ್ಪನಿಗೆ ಮಾತು ಕೇಳಿಸದಿದ್ದರೂ ಮುಖ ನೋಡಿಯೇ ತಿಳಿಯಿತು. "ಪೂಜಿ ಬ್ಯಾಡ ಅನ್ನಂಗಿಲ್ರೀ ಸರ. ಮುಚ್ಚಳ ಹಾಕಿ ಮಾಡ್ರಿ" ಎಂದು ನಕ್ಕ. ನಾನಂತೂ ಹನ್ನೊಂದು ವರ್ಷದಿಂದ ಇದೊಂದು ಮಾತಿಗೆ ಕಾದಿದ್ದೆ.

ಎರಡು ತಿಂಗಳ ಮೇಲೆ ನನ್ನ ಎಂಜಿನ್ ಎದ್ದಿತು. ಓಣಿಯವರು ಚಪ್ಪಾಳೆ ತಟ್ಟಿದರು. ಆದರೆ ಒಳಗೆ ಏನೋ ಬಡಿಯುತ್ತಿತ್ತು. ನನಗದು ಗೊತ್ತಿತ್ತು. ಅವನಿಗೆ ಹೇಳಬೇಕೆಂದೇ ಇನ್ನಷ್ಟು ಬಡಿದೆ. ಮಾನಪ್ಪ ಸ್ಕ್ರೂಡ್ರೈವರನ್ನು ಎಡಗಿವಿಗೆ ಒತ್ತಿದ, ಬಲಗಿವಿಗೆ ಒತ್ತಿದ. ಏನೂ ಇಲ್ಲ. ಹಿಡಿಯನ್ನು ಕಾಳವ್ವನ ಕಿವಿಗೆ ಇಟ್ಟು, "ಎಂಥಾ ಸಪ್ಪಳ? ಟಕ್ ಟಕ್ ಅಂತೈತೋ, ಕಟ ಕಟ ಅಂತೈತೋ?" ಎಂದು ಕೇಳಿದ. ಅವಳು ಕೈಯಿಂದ ಬಡಿದು ತೋರಿಸಿದಳು. ಪಾಪ, ಎಂಜಿನ್ನಿನ ಭಾಷೆ ಕೈಸನ್ನೆಗೆ ಬರುತ್ತದೆಯೇ? "ಹೋಗ್ಲಿ ಬಿಡು, ಮುಗೀತು" ಎಂದು ಅವನು ಎಂಜಿನ್ ಆರಿಸದೆ ಹಾಗೇ ಬಿಟ್ಟು, ನಟ್ಟು ತಿರುಗಿಸುವ ಪಾನಾಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ನನಗೆ ಎದೆ ಒಡೆದ ಹಾಗಾಯಿತು.

ಎರಡೂ ಕೈ ತುಂಬಿದಾಗ ಮಿಸ್ತ್ರಿಗಳು ಸ್ಕ್ರೂಡ್ರೈವರನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದುಂಟು. ಮಾನಪ್ಪನೂ ಹಾಗೇ ಕಚ್ಚಿಕೊಂಡು, ನನ್ನ ಕೆಳಗೆ ಬಿದ್ದಿದ್ದ ಪಾನಾಕ್ಕೆ ಬಗ್ಗಿದ. ಅದರ ತುದಿ ನನ್ನ ಎಂಜಿನ್‌ಗೆ ತಾಗಿತು.

ಅವನು ಬಗ್ಗಿದಲ್ಲೇ ನಿಂತುಬಿಟ್ಟ.

ಚೀಲ ಕೈಯಿಂದ ಜಾರಿತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ತುದಿಯನ್ನು ಇಲ್ಲಿಂದಲ್ಲಿಗೆ ಸರಿಸುತ್ತ ಹೋದ. ಮೇಲೆ, ಪಕ್ಕಕ್ಕೆ, ಇನ್ನೂ ಸ್ವಲ್ಪ ಕೆಳಗೆ. "ಇಲ್ಲಿ!" ಎಂದು ಬಾಯಿ ಬಿಟ್ಟಾಗ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. "ಕೇಳಸ್ತು! ಏ, ನನಗ ಕೇಳಸ್ತು!" ಅವನು ಅತ್ತ. ಕಾಳವ್ವ ಅತ್ತಳು. ಅಳುವ ಅನುಕೂಲ ನನಗಿಲ್ಲ, ಇದ್ದಿದ್ದರೆ ನಾನೂ ಅಳುತ್ತಿದ್ದೆ. ಕಿವಿ ಬಿಟ್ಟುಕೊಟ್ಟ ಕೆಲಸವನ್ನು ಹಲ್ಲು ಮತ್ತು ದವಡೆಯ ಮೂಳೆ ಹಿಡಿದುಕೊಂಡಿದ್ದವು. ಅವನು ಬೆರಳಿಟ್ಟ ಜಾಗದಲ್ಲಿ ಬಿಚ್ಚಿದರೆ, ವಾಲ್ವನ್ನು ಒತ್ತುವ ಟ್ಯಾಪೆಟ್ ಸಡಿಲವಾಗಿದ್ದದ್ದು ಸಿಕ್ಕಿತು. ಕೂದಲೆಳೆಯಷ್ಟು ಬಿಗಿ ಮಾಡಿದ, ಮತ್ತೆ ಕಚ್ಚಿ ಕೇಳಿದ, ಮತ್ತೆ ಒಂಚೂರು ತಿರುಗಿಸಿದ. ನಾನು ಹುಟ್ಟಿದ ದಿನವೂ ಅಷ್ಟು ನಯವಾಗಿ ಓಡಿರಲಿಲ್ಲ.

ಮರುದಿನ ಕಾಳವ್ವನನ್ನು ಹಿಂದೆ ಕೂರಿಸಿಕೊಂಡು ಕಿತ್ತೂರಿಗೇ ಹೊರಟ. ಆ ಬೈಕು ಬಿದ್ದ ತಿರುವು ಬಂದಾಗ ಅವನು ಗೇರು ಇಳಿಸಿ ವೇಗ ತಗ್ಗಿಸಿದ. ನಾನು ಒಂದಿಷ್ಟೂ ತಪ್ಪದೆ ದಾಟಿಸಿದೆ. ಮೊದಮೊದಲು "ಹಲ್ಲಿನ ಮಿಸ್ತ್ರಿ" ಎಂದು ನಕ್ಕವರೇ ಆಮೇಲೆ ಸಾಲು ಹಚ್ಚಿದರು.

ಇದೆಲ್ಲ ಆಗಿ ಹದಿಮೂರು ವರ್ಷ. ಈಗ ನಾನು ಗ್ಯಾರೇಜಿನ ಮೂಲೆಯಲ್ಲಿದ್ದೇನೆ, ಸಂತೆಯ ದಿನ ಮಾತ್ರ ಹೊರಗೆ ಹೋಗುತ್ತೇನೆ. ಮಾನಪ್ಪನ ಕಿವಿ ಪೂರ್ತಿ ಮುಚ್ಚಿದೆ. ಎಂಜಿನ್‌ಗಳ ಮಾತೆಲ್ಲ ಅವನಿಗೆ ಕೇಳುತ್ತದೆ, ಮನುಷ್ಯರದು ಮಾತ್ರ ಇಲ್ಲ.

ಮೊನ್ನೆ ನನ್ನ ಟ್ಯಾಂಕು ಬಿಚ್ಚಿ ಬೆಂಚಿನ ಮೇಲಿಟ್ಟು, ತಗಡು ಎಲ್ಲಿ ತೆಳುವಾಗಿದೆಯೆಂದು ನೋಡುತ್ತಿದ್ದ. ಬೆರಳಿನಿಂದ ತಟ್ಟುತ್ತ, ಹಲ್ಲಲ್ಲಿ ಕಚ್ಚಿದ ಸ್ಕ್ರೂಡ್ರೈವರಿನ ತುದಿಯನ್ನು ತಗಡಿಗೆ ತಾಗಿಸಿ ಕೇಳುತ್ತ, ಕಣ್ಣು ಮುಚ್ಚಿದ್ದ. ಕಾಳವ್ವ ಚಹಾ ತಂದು ಪಕ್ಕದಲ್ಲಿ ನಿಂತಿದ್ದು ಅವನಿಗೆ ತಿಳಿಯಲಿಲ್ಲ. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅವರ ಮನೆತನದಲ್ಲಿ ಹೇಳುವುದಿಲ್ಲ. ಅವಳು ಓಣಿಯ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಬಗ್ಗಿ, ನನ್ನ ಟ್ಯಾಂಕಿನ ಬಾಯಿಗೆ ಬಾಯಿ ತಂದು, ಮೆಲ್ಲಗೆ ಕರೆದಳು.

"ಮಾನಪ್ಪಾ."

ಅವನ ಬೆರಳು ನಿಂತಿತು. ಕಣ್ಣು ತೆರೆದು ಅವಳನ್ನು ನೋಡಿದ. ಹಲ್ಲಿನಿಂದ ಸ್ಕ್ರೂಡ್ರೈವರ್ ಬಿಡದೆ, ಕೈ ಎತ್ತಿ ಸನ್ನೆ ಮಾಡಿದ: ಇನ್ನೊಮ್ಮೆ.