ಒಬ್ಬರ ಕೆಲಸ

ಯಂತ್ರದ ಡ್ರಮ್ಮಿನ ಬಾಗಿಲು ತೆರೆದು ಮಹೇಶ್ವರಿ ಮೊದಲ ಶಾಲನ್ನು ಹೊರಗೆಳೆದಳು. ಅಡಿಕೆ ಬೇಯಿಸಿದ ಚೊಗರಿನ ಬಣ್ಣದಲ್ಲಿ ಅದ್ದಿದ್ದ ಗಾಢ ಕೆಂಪು ಬಟ್ಟೆ ಲಕ್ಷಣವಾಗಿ ತಿಳಿಯಾಗಿತ್ತು. ಮೂಲೆಯಲ್ಲಿ ಮಾತ್ರ ಒಂದು ಗಂಟು. ಬಿಚ್ಚಿದರೆ ಒಳಗೆ ಹಳೆಯ ಕೆಂಪು ಹಾಗೇ ಕೂತಿತ್ತು. ಬಣ್ಣ ತೆಗೆಯುವ ಓಝೋನ್ ಅನಿಲ ಬಿಗಿ ಗಂಟಿನೊಳಗೆ ಹೋಗುವುದಿಲ್ಲ ಎಂದು ಯಂತ್ರ ಕೂರಿಸಲು ಬಂದವನು ಹತ್ತು ಸಲ ಹೇಳಿದ್ದ. ಆದರೂ ಕೈ ತನ್ನಷ್ಟಕ್ಕೆ ಹನ್ನೆರಡು ಶಾಲಿಗೂ ಗಂಟು ಹಾಕಿತ್ತು. ಅದೂ ತನ್ನದಲ್ಲ, ಮೊದಲು ಜೊತೆಗೆ ಕೆಲಸ ಮಾಡುತ್ತಿದ್ದ ದುರ್ಗಿಯ ಜೋಡಿ ಗಂಟು.

ಶಿರಸಿಯ ಈ ಬಟ್ಟೆ ಘಟಕದಲ್ಲಿ ಮೊದಲು ಐದು ಹೆಂಗಸರು ಬ್ಲೀಚಿಂಗ್ ಪುಡಿಯ ತೊಟ್ಟಿಗಳ ಸುತ್ತ ನಿಂತು ಬಣ್ಣ ತಿಳಿಮಾಡುತ್ತಿದ್ದರು. ಯಾರ ಪಾಲಿನ ಬಟ್ಟೆ ಯಾವುದೆಂದು ತಿಳಿಯಲು ಒಬ್ಬೊಬ್ಬರದು ಒಂದೊಂದು ಗಂಟು. ಕೈ ಸುಡುತ್ತಿತ್ತು, ನೀರು ಲೆಕ್ಕವಿಲ್ಲದೆ ಹರಿಯುತ್ತಿತ್ತು, ಬಾಯಿಗಳಿಗಂತೂ ಬಿಡುವೇ ಇರಲಿಲ್ಲ. ಈಗ ತೇವದ ಬಟ್ಟೆ ತುಂಬಿ ಗುಂಡಿ ಒತ್ತಿದರಾಯಿತು, ಮೊದಲಿನ ಕಾಲುಭಾಗ ನೀರೂ ಬೇಡ. ಅನಿಲ ಸೋರಿದರೆ ಅಪಾಯವೆಂದು ಆ ಕೋಣೆಗೆ ಬೇರೆ ಯಾರನ್ನೂ ಬಿಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಹೇಶ್ವರಿ ಒಬ್ಬಳೇ. ಊಟದ ಡಬ್ಬಿ ಬಿಚ್ಚುವಾಗ ಅಳುವೇ ಬರುತ್ತಿತ್ತು.

ಮಾಲೀಕ ವಿಶ್ವೇಶ್ವರ ಶಾಲುಗಳನ್ನು ನೋಡಿ ಬೈಯಲಿಲ್ಲ. ಗಂಟು, ಮಡಿಕೆ ನೋಡಿ ತುಂಬಲು ಇನ್ನೊಬ್ಬರಿರಲಿ, ಯಾರನ್ನಾದರೂ ಕರೆತಾ ಎಂದ. ಅವಳು ಡಬ್ಬಿಯನ್ನೂ ಬಿಚ್ಚದೆ ಸಿದ್ದಾಪುರದ ಬಸ್ಸು ಹತ್ತಿದಳು.

ಸಿದ್ದಾಪುರದ ಕಡೆಯ ತನ್ನೂರು ಮನ್ಮನೆಯಲ್ಲಿ ದುರ್ಗಿ ಮಹಿಳಾ ಸಂಘದ ಜಗಲಿಯಲ್ಲಿ ಏಳೆಂಟು ಹೆಂಗಸರ ನಡುವೆ ಕೂತು ಹಲಸಿನ ಹಪ್ಪಳ ಒತ್ತುತ್ತಿದ್ದಳು. ಯಾರದೋ ಅಳಿಯನನ್ನು ಎಲ್ಲರೂ ಸೇರಿ ಆಡಿಕೊಳ್ಳುತ್ತಿದ್ದರು, ನಗು ರಸ್ತೆಯವರೆಗೆ ಕೇಳುತ್ತಿತ್ತು. ಮಹೇಶ್ವರಿ ಮೆಟ್ಟಿಲು ಹತ್ತುತ್ತಲೇ ಅದು ನಿಂತಿತು.

ಈಗ ಬ್ಲೀಚಿಂಗ್ ಇಲ್ಲ, ಕೈ ಸುಡುವುದಿಲ್ಲ, ಸಂಬಳ ಮೊದಲಿನದೇ ಎಂದು ಅವಳು ಒಂದೇ ಉಸಿರಿಗೆ ಒಪ್ಪಿಸಿದಳು. ಕೊನೆಗೆ, "ನೀ ಬಂದ್ರ ಸಾಕವಾ. ಅಲ್ಲಿ ಒಬ್ಬಾಕಿನ ಕುಂತು ಕುಂತು ನನಗ ಮಾತಾಡೂದ ಮರತು ಹೋಗೇತಿ," ಎಂದಳು.

ದುರ್ಗಿ ಕೈಯ ಹಿಟ್ಟು ಒರೆಸಿಕೊಂಡಳು. "ಯಂತ್ರಕ್ಕೆ ಎಷ್ಟು ಜನ ಬೇಕು ಅಂತ ಒಡೇರು ಕೇಳ್ದಾಗ ನಾವು ನಾಕೂ ಜನ ಅಲ್ಲೇ ನಿಂತಿದ್ವಲೆ. ಒಬ್ರು ಸಾಕು ಅಂದದ್ದು ನೀನೇಯ."

ನಿಜ. ತರಬೇತಿ ಮುಗಿದ ದಿನ, ಎಲ್ಲ ಕಲಿತೆನೆಂಬ ಹಮ್ಮಿನಲ್ಲಿ ಮಹೇಶ್ವರಿ ಹಾಗೆಂದಿದ್ದಳು. ಆ ಮಾತಿಗೆ ಯಾರ ಕೆಲಸ ಹೋಗುತ್ತದೆಂದು ಆಗ ಹೊಳೆದಿರಲಿಲ್ಲ. ತಪ್ಪಾಯಿತು ಎಂದಳು.

"ಸಿಟ್ಟೆಂತ ಇಲ್ಲ ಮಾರಾಯ್ತಿ," ಎಂದಳು ದುರ್ಗಿ. "ಇಲ್ಲಿ ಚೊಲೋ ಆಯ್ತು ನಂಗೆ. ಬರೂದಿಲ್ಲ."

ಸಿಟ್ಟಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ದುರ್ಗಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಿಂದ ಒರೆಸಿ ಹಾಕಿದಳು. ಚಹಾ ಬಂತು. ಹೆಂಗಸರೆಲ್ಲ ನೆಲದ ಮೇಲೆ ಕೂತು ಸ್ಟೀಲ್ ಲೋಟಗಳಲ್ಲಿ ಕುಡಿದರು. ಐದು ವರ್ಷ ದುರ್ಗಿಯ ಲೋಟದಲ್ಲೇ ಅರ್ಧ ಹಂಚಿಕೊಂಡು ಕುಡಿದವಳಿಗೆ ಇಂದು ನೆಂಟರಿಗೆಂದು ಎತ್ತಿಟ್ಟ ಹೂವಿನ ಕಪ್ಪು, ಸಾಸರು, ಸಾಸರಿನಲ್ಲಿ ಎರಡು ಬಿಸ್ಕತ್ತು.