ಬೆಳ್ಳಿಯ ಬಲಗಾಲು

ಸುಣ್ಣದ ಚುಕ್ಕೆ ಅರ್ಧ ಅಳಿಸಿಹೋಗಿದೆ, ಯಾರೋ ತುಳಿದಿದ್ದಾರೆ, ಚೆಂಡನ್ನು ಸರಿಯಾಗಿ ಎಲ್ಲಿಡಬೇಕೆಂದು ಗೌರೀಶ ಬಗ್ಗಿ ನೋಡುತ್ತಾನೆ, ಬಗ್ಗಿದ್ದಕ್ಕೆ ಸೊಂಟದಿಂದ ಒಂದು ಸೆಳೆತ ಹೊರಟು ತೊಡೆಯವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ, ಅದರ ಕೆಳಗೆ ಏನೂ ಇಲ್ಲ — ನೋವಿಲ್ಲ, ಬಿಸಿಲಿಲ್ಲ, ಬೂಟಿನ ಬಿಗಿಯಿಲ್ಲ. ಬೂಟು ಕಣ್ಣಿಗೇನೋ ಕಾಣುತ್ತಿದೆ, ಲೇಸು ಕಟ್ಟಿದವನೂ ತಾನೇ, ಆದರೆ ಕಟ್ಟುವಾಗ ಬೇರೆ ಯಾರದೋ ಕಾಲಿಗೆ ಕಟ್ಟಿದ ಹಾಗಿತ್ತು. ರಾಮದುರ್ಗದ ಮೈದಾನದ ಸುತ್ತ ಜನ, ಕಂಪೌಂಡಿನ ಮೇಲೆ, ಟ್ರ್ಯಾಕ್ಟರಿನ ಮೇಲೆ, ಬೇವಿನ ಕೊಂಬೆಯ ಮೇಲೂ ಜನ, ಒದಿಯೂ ಗೌರ್ಯಾ ಬಂದ ನೋಡ್ರೋ ಎಂದು ಯಾರೋ ಕೂಗಿದರು, ಹೌದು, ಒದೆಯುವ ಗೌರ್ಯಾನೇ, ಓಡುವ ಗೌರ್ಯಾ ಅಲ್ಲ, ಆಡುವ ಗೌರ್ಯಾನೂ ಅಲ್ಲ, ಆಟ ಮುಗಿಯಲು ಬರುವವರೆಗೆ ಹೊಸ ಅಳಿಯನ ಹಾಗೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದು, ಆಟ ಸಮಸಮವಾಗಿ ಪೆನಾಲ್ಟಿಗೆ ಹೋಗುವಂತಿದ್ದರೆ ಕೊನೆಯ ನಿಮಿಷಕ್ಕೆ ಎದ್ದು ಒಳಗೆ ಬಂದು ಒಂದೇ ಒಂದು ಒದ್ದು ಹೋಗುವವನು. ಇವತ್ತೂ ಅದೇ, ಎದುರಿನವರು ಆಗಲೇ ಒಂದನ್ನು ಕಂಬಕ್ಕೆ ಹೊಡೆದುಕೊಂಡಿದ್ದಾರೆ, ಕೊನೆಯ ಒದೆತ ಇವನದು, ಇದೊಂದು ಒಳಗೆ ಹೋದರೆ ಕಪ್ ಬೈಲಹೊಂಗಲಕ್ಕೆ. ಬೆನ್ನಿನಾಗ ನರ ಒತ್ತೈತ್ರೀ, ಇನ್ನೊಮ್ಮೆ ಜೋರಾಗಿ ಒದ್ರ ಈ ಪಾದ ಎತ್ತಾಕ ಬರೂದಿಲ್ಲ ನೋಡ್ರಿ, ಆಮ್ಯಾಲೆ ನನ್ನ ಕಡೆ ಬಂದು ಅಳಬ್ಯಾಡ್ರಿ — ಧಾರವಾಡದ ಡಾಕ್ಟರು ಕಪ್ಪು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದ್ದು, ಆವಾಗ ಪಕ್ಕದಲ್ಲಿ ಹೆಂಡತಿ ಮೀನಾ ಇದ್ದಳು, ಅವಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೇಳ್ರಿ ನಿಮ್ಮ ತಂಡದ ಲಗಮಣ್ಣಗ, ಒಂದ ಮಾತ ಹೇಳಿದ್ರ ನಿಮ್ಮ ಗಂಟೇನ ಹೋಗತೈತಿ ಎಂದಳು ಬಸ್ಸಿನಲ್ಲಿ, ದೊಡವಾಡ ಬರುವವರೆಗೂ ಅದೇ ಮಾತು. ಗಂಟು ಹೋಗುತ್ತಿತ್ತು ಮೀನಾ, ಒದೆಯದಿದ್ದರೆ ನಾನು ಯಾರು, ಕಾರ್ಖಾನೆಯವರು ನೌಕರಿ ಕೊಟ್ಟದ್ದು ಈ ಕಾಲು ನೋಡಿ, ನಿಮ್ಮಪ್ಪ ಹೆಣ್ಣು ಕೊಟ್ಟದ್ದೂ ಈ ಕಾಲು ನೋಡಿಯೇ.

ಇದೇ ಕಾಲು ಶಾಲೆಗೆ ಸೇರುವ ಮೊದಲು ಒಮ್ಮೆ ಸತ್ತಿತ್ತು. ಜ್ವರ ಬಂದು ಇಳಿದಾಗ ಬಲಗಾಲು ಹಸಿ ಬಟ್ಟೆಯ ಹಾಗೆ ಜೋತುಬಿದ್ದಿತ್ತು, ಅವ್ವ ಸುಂದರವ್ವ ಹರಕೆ ಹೊತ್ತು ಬೈಲಹೊಂಗಲದ ಪತ್ತಾರನ ಹತ್ತಿರ ಬೆಳ್ಳಿಯ ಕಾಲು ಮಾಡಿಸಿದಳು, ಇವನನ್ನು ಸೊಂಟದ ಮೇಲೆ ಹೊತ್ತು ಸವದತ್ತಿಯ ಗುಡ್ಡ ಹತ್ತಿದಳು, ಹತ್ತುವಾಗ ಆ ಕಾಲನ್ನು ಇವನ ಕೈಗೆ ಕೊಟ್ಟಿದ್ದಳು ಅಳು ನಿಲ್ಲಿಸಲಿಕ್ಕೆ, ತಣ್ಣಗಿತ್ತು, ಐದು ಬೆರಳು, ಹಿಮ್ಮಡಿ, ಮೊಳಕಾಲು, ಅಲ್ಲಿಗೆ ಮುಗಿದುಹೋಗಿತ್ತು. ಯವ್ವಾ, ಇದರ ಮ್ಯಾಲಿನ ಮನಷ್ಯಾ ಎಲ್ಲಿ. ಸುಮ್ನಿರು, ಮ್ಯಾಲಿನ ಮನಷ್ಯಾ ನೀನ ಅಲಾ. ಕಾಲನ್ನು ಎಲ್ಲಮ್ಮನಿಗೆ ಮುಟ್ಟಿಸಿ ಇಳಿದರು, ಮುಂದಿನ ಸುಗ್ಗಿಯ ಹೊತ್ತಿಗೆ ಇವನು ಗೋಡೆ ಹಿಡಿದು ನಿಂತ, ಗೋಡೆ ಬಿಟ್ಟು ನಿಂತ, ಕಾಲಿಗೆ ಶಕ್ತಿ ಬರಲೆಂದು ಅಪ್ಪ ಗಂಗಯ್ಯ ಚಿಂದಿ ಸುತ್ತಿ ಚೆಂಡು ಮಾಡಿಕೊಟ್ಟ, ಒದಿಯಲೇ, ದನದ ಕೊಟ್ಟಿಗಿ ಗ್ವಾಡಿಗೆ ಒದಿ, ಎತ್ತು ಬೆದರಿದ್ರ ಬೆದರ್ಲಿ. ಒದ್ದ, ದಿನಾ ಒದ್ದ, ಎಡಗಾಲು ಕಡ್ಡಿಯ ಹಾಗೇ ಉಳಿಯಿತು, ಬಲಗಾಲು ಮಾತ್ರ ಬೆಳೆಯಿತು, ಕಿತ್ತೂರಿನ ಪಂದ್ಯದಲ್ಲಿ ಬರಿಗಾಲಲ್ಲಿ ಒದ್ದಾಗ ಬಲೆ ಹರಿದು ಚೆಂಡು ಹಿಂದಿನ ಜೋಳದ ಹೊಲಕ್ಕೆ ಬಿತ್ತು, ಅಲ್ಲಿಂದಲೇ ಲಗಮಣ್ಣ ಇವನ ಕೈ ಹಿಡಿದದ್ದು, ತಂಡ ಕಟ್ಟುವ ಹುಚ್ಚು ಹಿಡಿದ ಮನುಷ್ಯ, ನಿನಗ ಓಡಾಕ ಬರೂದಿಲ್ಲೇನ, ಬ್ಯಾಡ ಬಿಡು, ಓಡಾವ್ರು ನನ್ನ ಕಡೆ ಬೇಕಾದಷ್ಟ ಅದಾರ. ಸುಖದ ವರ್ಷಗಳು, ಸುಳ್ಳೇಕೆ, ಬೈಲಹೊಂಗಲದ ಪೇಟೆಯಲ್ಲಿ ಚಹಾ ಕುಡಿದರೆ ಯಾರೂ ರೊಕ್ಕ ಇಸಿದುಕೊಳ್ಳುತ್ತಿರಲಿಲ್ಲ, ಎಲ್ಲರೂ ಮೊದಲು ನೋಡುತ್ತಿದ್ದದ್ದು ಕಾಲು, ಆಮೇಲೆ ಮೋರೆ.

ರೆಫ್ರಿ ಸೀಟಿ ಬಾಯಿಗಿಟ್ಟಿದ್ದಾನೆ, ಇನ್ನೂ ಊದಿಲ್ಲ, ಗೋಲ್‌ಕೀಪರನ ಹಳದಿ ಅಂಗಿ — ಹಳದಿ, ಬೆಳಿಗ್ಗೆ ಅವ್ವ ಸುತ್ತಿಕೊಟ್ಟ ಬಟ್ಟೆಯೂ ಹಳದಿ, ಅದರೊಳಗೆ ಬೆಳ್ಳಿಯ ಕಾಲು. ಹರಕೆಯ ಆ ಕಾಲಲ್ಲ, ಇನ್ನೊಂದು. ಹೋದ ವರ್ಷ ಸತ್ಕಾರ ಇಟ್ಟುಕೊಂಡರಲ್ಲ, ಕಮಿಟಿಯ ಅಧ್ಯಕ್ಷ ಸಂಗಪ್ಪನಿಗೆ ಎಲ್ಲರಂತೆ ಶಾಲು-ಹಣ್ಣು ಬೇಡವಾಯಿತು, ಹೊಸದೇನಾದರೂ ಆಗಬೇಕು, ಬೆಳ್ಳಿಯ ಕಾಲು ಕೊಡೋಣ ಎಂದ, ಅದೇ ಪತ್ತಾರ, ಅದೇ ಅಚ್ಚು, ಸಾವಕಾರ್ರ, ಇದು ಗುಡ್ಡಕ್ಕ ಹೋಗೂ ಕಾಲರಿ, ಶೋಕೇಸಿನಾಗ ಇಡೂದಲ್ಲ ಎಂದ ಪತ್ತಾರ, ಬೆಳ್ಳಿ ಅಂದ್ರ ಬೆಳ್ಳಿ, ನೀ ಮಾಡಪಾ ಸುಮ್ನ ಎಂದ ಸಂಗಪ್ಪ. ವೇದಿಕೆಯ ಮೇಲೆ ಚಪ್ಪಾಳೆಯೋ ಚಪ್ಪಾಳೆ, ಇವನು ಎರಡೂ ಕೈಯಲ್ಲಿ ಎತ್ತಿ ಹಿಡಿದ, ಎದುರಿಗೆ ಕೂತಿದ್ದ ಅವ್ವ ಮಾತ್ರ ಸೆರಗು ಬಾಯಿಗಿಟ್ಟುಕೊಂಡಳು. ಮನೆಗೆ ಬಂದಮೇಲೆ ಹೇಳಿದಳು, ಸಿಟ್ಟಿಲ್ಲ, ಅಳುವಿಲ್ಲ, ಕೊಟ್ಟ ಕಾಲ ಯಾರರ ತಿರಗಿ ಮನಿಗೆ ತರ್ತಾರೇನೋ ಗೌರೀಶಾ, ಎಲ್ಲಮ್ಮ ತಾನ ಒಲ್ಲೆ ಅಂತ ತಿರಗಿ ಕಳಿಸಿದಂಗ ಆತಲ್ಲೋ, ನಾಳಿನ ಹೋಗಿ ಮುಟ್ಟಿಸಿ ಬಾ. ನಾಳೆ ಎಂದ. ಶೋಕೇಸಿನ ಗಾಜಿನ ಹಿಂದೆ ಅದು ಚೆಂದ ಕಾಣುತ್ತಿತ್ತು, ಬಂದವರೆಲ್ಲ ನೋಡುತ್ತಿದ್ದರು, ಪಂಚಮಿ ಆಗಲಿ, ದಸರೆ ಆಗಲಿ, ಪಂದ್ಯ ಮುಗಿಯಲಿ, ಹೀಗೇ ನಾಳೆ ನಾಳೆ, ದೀಪಾವಳಿ ಕಳೆದಮೇಲೆ ಒಂದು ಮುಂಜಾನೆ ಹೆಬ್ಬೆರಳು ಜುಮ್ಮೆಂದಿತು, ಆಮೇಲೆ ಐದೂ ಬೆರಳು, ಆಮೇಲೆ ಹಿಮ್ಮಡಿ, ಈಗ ಮೊಳಕಾಲು. ನರ ಒತ್ತಿದೆ, ಅಷ್ಟೇ, ಡಾಕ್ಟರು ಫೋಟೋದಲ್ಲಿ ತೋರಿಸಿದ್ದಾರೆ.

ಇವತ್ತಾದರೂ ಮುಟ್ಟಿಸಬಹುದಿತ್ತು. ತಂಡದ ಟೆಂಪೋ ಸವದತ್ತಿಯ ಮೇಲೆಯೇ ಬಂತು, ಚೀಲ ತೊಡೆಯ ಮೇಲಿತ್ತು, ಅವ್ವನ ಮಾತು ಕಿವಿಯಲ್ಲಿತ್ತು, ಮದಲ ಮುಟ್ಟಿಸು, ಆಮ್ಯಾಲೆ ಚೆಂಡ ಮುಟ್ಟು ಎಂದು. ಅಣ್ಣಾ, ಒಂದ ಸ್ವಲ್ಪ ಗುಡ್ಡಕ್ಕ ಹೋಗಿ ಬರೂಣೇನು ಎಂದ ಲಗಮಣ್ಣನಿಗೆ, ಲಗಮಣ್ಣ ಬಟ್ಟೆ ಬಿಚ್ಚಿ ನೋಡಿ ನಕ್ಕ, ಏ, ಗೆದ್ದ ಬಂದ ಮ್ಯಾಲೆ ಮೆರವಣಿಗಿ ಮಾಡ್ಕೊಂಡ ಹೋಗೂಣಲೇ, ಕಪ್ಪೂ ಇರ್ತೈತಿ, ಕಾಲೂ ಇರ್ತೈತಿ, ಎಲ್ಲರೂ ಹೋ ಎಂದರು, ಇವನೂ ಎಂದ. ಚೀಲವನ್ನು ಲಗಮಣ್ಣನೇ ಇಟ್ಟುಕೊಂಡ. ಕಿಟಕಿಯಲ್ಲಿ ಗುಡ್ಡದ ದಾರಿಯ ಕಮಾನು ಬಂತು, ಹಿಂದೆ ಹೋಯಿತು, ಆವಾಗಲೂ ಟೆಂಪೋ ನಿಲ್ಲಿಸಿ ಎನ್ನಬಹುದಿತ್ತು, ಅನ್ನಲಿಲ್ಲ, ಈಗಲೂ ಸಮಯ ಇದೆಯಲ್ಲ, ಕೈ ಎತ್ತಿ ನನ್ನಿಂದ ಆಗೂದಿಲ್ಲ ಎಂದರೆ ಬೇರೆ ಯಾರಾದರೂ ಬಂದು ಒದೆಯುತ್ತಾರೆ, ಒಂದೇ ಮಾತು, ಮೀನಾ ಹೇಳಿದ ಒಂದೇ ಮಾತು, ಕೈ ಏಳುತ್ತಿದೆ — ಕೈ ಎತ್ತಿದ್ದು ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ, ಸಲಾಮು ಹೊಡೆದನೆಂದುಕೊಂಡು, ಆ ಚಪ್ಪಾಳೆ ಎಷ್ಟು ಹಿತವಾಗಿದೆ, ಇನ್ನೊಂದು ಸಲ, ಇದೊಂದೇ ಸಲ, ಸೀಟಿ.

ಓಡಿದ, ಎಡಗಾಲು ನೆಲ ಕಚ್ಚಿತು, ಬಲಗಾಲು ಎಲ್ಲಿಂದಲೋ ಬಂತು, ಚೆಂಡು ತಾಗಿದ್ದು ಗೊತ್ತಾಗಲಿಲ್ಲ, ಸಪ್ಪಳ ಕೇಳಿಸಿತು, ಬಲೆ ಉಬ್ಬಿದ್ದು ಕಂಡಿತು, ಹಳದಿ ಅಂಗಿ ಮಣ್ಣಿನಲ್ಲಿ ಬಿದ್ದಿದೆ, ಗೆದ್ದ್ವಿ, ಗೆದ್ದ್ವಿ ಗೌರ್ಯಾ, ಎಲ್ಲರೂ ಇತ್ತ ಓಡಿ ಬರುತ್ತಿದ್ದಾರೆ, ತಾನೂ ಅತ್ತ ಓಡಬೇಕು, ಎಡಗಾಲು ಒಂದು ಹೆಜ್ಜೆ ಹೋಯಿತು, ಬಾ ಎಂದ ಬಲಗಾಲಿಗೆ, ಅದು ಬರಲಿಲ್ಲ, ಮುಂಗಾಲು ಮಣ್ಣಿಗೆ ಬಿದ್ದುಕೊಂಡಿದೆ, ಬಾ, ತೊಡೆಯನ್ನು ಕೈಯಿಂದ ಹಿಡಿದು ಎತ್ತಿದ, ಪಾದ ಹಸಿ ಬಟ್ಟೆಯ ಹಾಗೆ ಜೋತಾಡಿತು, ಯವ್ವಾ, ಯಾರಿಗೂ ಕೇಳಿಸಲಿಲ್ಲ, ಮುಂದೆ ಬರುತ್ತಿರುವವನು ಲಗಮಣ್ಣ, ಹಳದಿ ಬಟ್ಟೆ ಬಿಚ್ಚಿ ಎಸೆದಿದ್ದಾನೆ, ಜನರ ತಲೆಯ ಮೇಲೆ ಬೆಳ್ಳಿಯ ಕಾಲನ್ನು ಎತ್ತಿ ಹಿಡಿದಿದ್ದಾನೆ, ಕುಣಿಸುತ್ತಿದ್ದಾನೆ, ಸಂಜೆಯ ಬಿಸಿಲಿಗೆ ಹೊಳೆಯುತ್ತಿದೆ, ಐದು ಬೆರಳು, ಹಿಮ್ಮಡಿ, ಮೊಳಕಾಲು, ಅದರ ಮೇಲೆ ಯಾರೂ ಇಲ್ಲ, ಮೊಳಕಾಲಿನ ಮೇಲೆ ಯಾರೂ ಇಲ್ಲ —