ನಾಮದೇವ ಸರ್ ವಿದ್ಯಾರ್ಥಿಯಾದದ್ದು

ತಾಂಡೂರಿನ ಕಾಲೇಜಿನಲ್ಲಿ ನಾಮದೇವ ಸರ್ ಕೆಮಿಸ್ಟ್ರಿ ಹೇಳಲು ಹಿಡಿದು ಬಹಳ ವರ್ಷಗಳಾಗಿದ್ದವು. ಗಂಟೆ ಹೊಡೆದೊಡನೆ ಕ್ಲಾಸಿಗೆ ಹೋಗುವರು, ಬೋರ್ಡಿನ ಎಡ ಮೂಲೆಯಿಂದ ಬರೆಯುತ್ತ ಬಲ ಮೂಲೆ ಮುಟ್ಟುವರು, ಕೊನೆಗೆ "ತಿಳೀತಾ?" ಅನ್ನುವರು. ಎಲ್ಲ ತಲೆಗಳೂ ಆಡುವವು. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಹುಡುಗರು ಡುಮ್ಕಿ ಹೊಡೆದಾಗ ಮಾತ್ರ, "ಇವು ಓದೂದೇ ಇಲ್ಲ ನೋಡು" ಎಂದು ಹೆಂಡತಿ ಭೂದೇವಿಯ ಮುಂದೆ ಬೇಸರ ಮಾಡಿಕೊಳ್ಳುವರು.

೧೯೭೯ರ ದಸರೆ ರಜೆಯಲ್ಲಿ ಜಹೀರಾಬಾದಿನಲ್ಲಿ ಕಾಲೇಜು ಅಧ್ಯಾಪಕರ ಬೋಧನಾ ಸಮ್ಮೇಳನ ಏರ್ಪಟ್ಟಿತು. ಪ್ರಿನ್ಸಿಪಾಲ ಕಾಶಿರಾಮ ಅವರು ನಾಮದೇವರನ್ನೇ ಕರೆದು ಹೋಗಿಬರಲು ಹೇಳಿದರು.

"ಪಾಠ ಹ್ಯಾಂಗ ಹೇಳಬೇಕಂತ ಈ ವಯಸ್ಸಿನ್ಯಾಗ ನನಗ ಕಲಸ್ತಾರೇನ್ರಿ?"

"ಕಲಸಲಿ ಬಿಡ್ರಿ. ಊಟ ಛಲೋ ಇರ್ತದಂತ, ಹೋಗಿ ಬರ್ರಿ," ಎಂದು ಕಾಶಿರಾಮ ನಕ್ಕರು.

ಹೋದಮೇಲೆ ಗೊತ್ತಾದದ್ದು, ಅಲ್ಲಿ ಭಾಷಣಗಳಿಗಿಂತ ಪಾಠಗಳೇ ಹೆಚ್ಚು ಎಂದು. ಒಬ್ಬೊಬ್ಬರೂ ತಮ್ಮ ವಿಷಯದ ಒಂದು ಪಾಠ ಹೇಳಬೇಕು. ಆ ವಿಷಯ ಗೊತ್ತಿಲ್ಲದವರೇ ವಿದ್ಯಾರ್ಥಿಗಳಾಗಿ ಕೂಡಬೇಕು. ನಾಮದೇವರ ಪಾಲಿಗೆ ಬಂದದ್ದು ನಾರಾಯಣಖೇಡದಿಂದ ಬಂದಿದ್ದ ಬಾಳಮ್ಮ ಮೇಡಂ ಅವರ ತೆಲುಗು ಛಂದಸ್ಸು.

ನಾಮದೇವರಿಗೆ ತೆಲುಗು ಬರುವುದಿಲ್ಲವೆಂದೇನಲ್ಲ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು ಕಲಿತು ಬೆಳೆದ ನಾಗಲಗಿದ್ದ ಊರಿನ ಮನುಷ್ಯ. ಆದರೆ ಪದ್ಯದ ಲೆಕ್ಕ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಬಾಳಮ್ಮ ಗುರು, ಲಘು, ಗಣ ಅನ್ನುತ್ತ ಹೋದರು. ಮೊದಲ ಸಾಲಿಗೇ ಪಾಠ ನಾಮದೇವರ ಕೈಯಿಂದ ಜಾರಿತು. ಪಕ್ಕದವರನ್ನು ನೋಡಿದರೆ ಅವರು ಸರಸರ ಬರೆದುಕೊಳ್ಳುತ್ತಿದ್ದಾರೆ. ತಮಗೊಬ್ಬರಿಗೇ ತಲೆಗೆ ಹೋಗುತ್ತಿಲ್ಲವೆಂದು ಅವರಿಗನಿಸಿತು. ಆಗಲೇ ಬಾಳಮ್ಮ ಈ ಕಡೆ ತಿರುಗಿ, "ತಿಳೀತೇನ್ರಿ ಸರ್?" ಅಂದರು.

ನಾಮದೇವರ ತಲೆ ತಾನಾಗಿ ಆಡಿತು.

"ಹಾಂಗಾದ್ರ ಬರ್ರಿ, ಈ ಸಾಲಿಗೆ ಗುರುತು ಹಾಕ್ರಿ."

ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತರು. ಕೈ ಏಳಲಿಲ್ಲ. ತಮ್ಮ ಕ್ಲಾಸಿನಲ್ಲಿ ಹೀಗೆ ಕಂಬದಂತೆ ನಿಂತ ಹುಡುಗರ ಮುಖಗಳೆಲ್ಲ ಕಣ್ಣಿಗೆ ಕಟ್ಟಿದವು. ಅವರಿಗೆ ತಾವು ಅಂದ ಮಾತುಗಳೂ ನೆನಪಾದವು.

"ನನಗ ತಿಳಿದಿಲ್ರಿ ಮೇಡಂ," ಎಂದರು ಮೆಲ್ಲಗೆ. "ಸುಮ್ಮನ ತಲಿ ಆಡಿಸಿದೆ."

ಬಾಳಮ್ಮ ನಗಲಿಲ್ಲ. "ಸಾಲು ಬಿಡ್ರಿ. ನಿಮ್ಮ ಹೆಸರು ಬಿಡಿಸಿ ಹೇಳ್ರಿ. ಎಳೆಯೋ ಅಕ್ಷರಕ್ಕ ಜೋರು ಚಪ್ಪಾಳಿ, ಇಲ್ಲಂದ್ರ ಚಿಟಿಕಿ."

"ನಾ... ಮ... ದೇ... ವ." ಚಪ್ಪಾಳೆ, ಚಿಟಿಕೆ, ಚಪ್ಪಾಳೆ, ಚಿಟಿಕೆ.

"ಆತಲ್ರಿ! ಗುರು, ಲಘು, ಗುರು, ಲಘು."

ನಾಮದೇವರು ಸಣ್ಣ ಹುಡುಗನಂತೆ ಹಿಗ್ಗಿದರು. ಊಟದ ಸಾಲಿನಲ್ಲಿ ನಿಂತಾಗಲೂ ಬಾಯೊಳಗೇ "ಭೂ-ದೇ-ವಿ" ಎಂದು ಬೆರಳು ಆಡಿಸುತ್ತಿದ್ದರು.

ಮರುದಿನ ಅವರ ಸರದಿ. ತಯಾರು ಮಾಡಿ ತಂದದ್ದನ್ನು ಮಡಚಿ ಜೇಬಿಗಿಟ್ಟು, "ಕೆಮಿಸ್ಟ್ರಿ ನಿಮಗ ಎಲ್ಲಿ ಕೈ ಬಿಟ್ಟಿತ್ರಿ?" ಎಂದು ಕೇಳಿದರು. "ಆ ವೇಲೆನ್ಸಿ ಅಂತಾರಲ್ರಿ, ಅಲ್ಲೇ," ಎಂದರು ಬಾಳಮ್ಮ. ನಾಮದೇವರು ಅವರನ್ನೇ ಮುಂದಕ್ಕೆ ಕರೆದು ಆಕ್ಸಿಜನ್ ಮಾಡಿದರು. ಎರಡು ಕೈ, ಕೈಗೊಬ್ಬ ಜೊತೆಗಾತಿ. ಇಬ್ಬರು ಅಧ್ಯಾಪಕಿಯರು ಹೈಡ್ರೋಜನ್ ಆಗಿ ಬಂದು ಕೈ ಹಿಡಿದರು, ನೀರಾಯಿತು. ಕಾರ್ಬನ್ ಮಾಡುವಾಗ ಬಾಳಮ್ಮ, "ನಾಕು ಕೈ ಎಲ್ಲಿಂದ ತರ್ಲ್ರಿ ಸರ್!" ಎಂದು ಸೆರಗಿನ ಎರಡು ಮೂಲೆ ಚಾಚಿದರು. ಇಡೀ ಸಭೆ ನಕ್ಕಿತು. ಆದರೆ ವೇಲೆನ್ಸಿ ಎಂದರೇನೆಂದು ಆಮೇಲೆ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ರಜೆ ಮುಗಿದು ತಾಂಡೂರಿನಲ್ಲಿ ಕ್ಲಾಸು ಶುರುವಾಯಿತು. ಎಂದಿನಂತೆ "ತಿಳೀತಾ?" ಎಂದರು, ಎಂದಿನಂತೆ ತಲೆಗಳು ಆಡಿದವು. ನಾಮದೇವರು ಮೇಜಿನ ಅಂಚಿಗೆ ಕೂತು, ಜಹೀರಾಬಾದಿನಲ್ಲಿ ತಾವು ಸುಳ್ಳೇ ತಲೆ ಆಡಿಸಿ ಸಿಕ್ಕಿಬಿದ್ದದ್ದನ್ನು ಒಂದೂ ಬಿಡದೆ ಹೇಳಿದರು. ಹುಡುಗರು ನಗಬೇಕೋ ಬೇಡವೋ ಗೊತ್ತಾಗದೆ ಕೂತರು. ಕೊನೆಗೆ ಪೆದ್ದೆಮುಲ್‌ನ ಮೊಗಲಪ್ಪ ಎದ್ದು ನಿಂತ.

"ಸರ್, ನನಗ ಮೊದಲ ಪಾಠದಿಂದಾನ ತಿಳಿದಿಲ್ರಿ."

ನಾಮದೇವರಿಗೆ ಎದೆಗೆ ಚುಚ್ಚಿದಂತಾಯಿತು. ಎಷ್ಟು ತಿಂಗಳ ದುಡಿಮೆ ಅದು! ಮೇಜಿನಿಂದ ಇಳಿದು, "ಛಲೋ ಆತು ಹೇಳಿದ್ದು," ಎಂದರು. "ನಡಿ, ಮೊದಲಿಂದ ಹಿಡಿಯೋಣ."

ಪೋರ್ಷನ್ ಹಿಂದೆ ಬಿತ್ತು. ಕಾಶಿರಾಮ ಅವರು ಚಿಂತೆಯಿಂದ ವಿಚಾರಿಸಿದರು. "ಗಂಟಿಗಿಂತ ಮೊದಲ ಬಂದು ತಗೋತೀನ್ರಿ," ಎಂದರು ನಾಮದೇವರು. ಬೆಳಗ್ಗೆ ಇನ್ನೂ ಕಸ ಗುಡಿಸದ ಕೋಣೆಯಲ್ಲಿ ಕ್ಲಾಸು ನಡೆಯತೊಡಗಿತು. ಕೊಡಂಗಲ್ ಕಡೆಯ ಸಾಯಮ್ಮ ಮೊದಲ ಬಸ್ಸಿಗೇ ಬರುತ್ತಿದ್ದಳು. ಕನ್ನಡ, ತೆಲುಗು, ಉರ್ದು ಯಾವುದು ಬಾಯಿಗೆ ಬಂದರೆ ಅದರಲ್ಲಿ ಕೇಳಬಹುದಿತ್ತು.

ಆ ವರ್ಷದ ಫಲಿತಾಂಶ ಅಂಥ ಹೇಳಿಕೊಳ್ಳುವಂಥದ್ದೇನಲ್ಲ, ಆದರೆ ಹಿಂದಿನದಕ್ಕಿಂತ ಮೇಲು. ಅದಕ್ಕಿಂತ ನಾಮದೇವರಿಗೆ ಹಿತವೆನಿಸಿದ್ದು ಚಳಿಗಾಲದ ಒಂದು ಮುಂಜಾನೆ. ಬೋರ್ಡಿನ ಮುಂದೆ ಮೊಗಲಪ್ಪನಿಗೂ ಸಾಯಮ್ಮನಿಗೂ ಒಂದು ಸಮೀಕರಣದ ಮೇಲೆ ವಾದ ಹತ್ತಿತ್ತು. ಉಳಿದವರೂ ಎದ್ದು ಹೋಗಿ ಆಚೊಬ್ಬರು ಈಚೊಬ್ಬರು ಸೇರಿಕೊಂಡರು. ಯಾರೊಬ್ಬರೂ ಮೇಷ್ಟ್ರ ಕಡೆ ತಿರುಗಿ ನೋಡಲಿಲ್ಲ. ನಾಮದೇವರು ಹಿಂದಿನ ಬೆಂಚಿಗೆ ಹೋಗಿ ಕೂತು, ಕಾಲು ಚಾಚಿ, ಕೇಳತೊಡಗಿದರು.